ಕರೆದರೆ ಹೂಂ ಅನ್ನಿ

ಜೂನ್ 14

ಮಗಳೇ,

ನೀನು ನರ್ಸಿಂಗ್ ಶಾಲೆ ಸೇರಿದ್ದು, ಹಾಸ್ಟೆಲಿನಲ್ಲಿ ಕಿಟಕಿ ಪಕ್ಕದ ಮಂಚ ಸಿಕ್ಕಿದ್ದು, ಸಾರಿನಲ್ಲಿ ಉಪ್ಪಿಲ್ಲದ್ದು, ಎಲ್ಲ ತಿಳಿಯಿತು. ಇಲ್ಲಿ ನಿನ್ನ ಮಗಳೂ ಒಂದು ಕೆಲಸಕ್ಕೆ ಸೇರಿದ್ದಾಳೆ. ಅಜ್ಜಿಯ ತಲೆ ತಿನ್ನುವ ಕೆಲಸ. ವಾರದ ರಜೆಯನ್ನೂ ತೆಗೆದುಕೊಳ್ಳುವುದಿಲ್ಲ.

ಬೆಳಿಗ್ಗೆ ಕಣ್ಣು ಬಿಟ್ಟಳೆಂದರೆ ನನಗೆ ಬಾಲ. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಮೊಣಕೈ ಹಿಡಿದು ಎಳೆಯುತ್ತಾಳೆ, ‘ಅಜ್ಜೀ, ನೋಡು ಬಾ.’ ಏನು ನೋಡಬೇಕು? ದಾರ ಮುಗಿದ ಖಾಲಿ ರೀಲಿನ ಮೇಲೆ ಇನ್ನೊಂದು ಖಾಲಿ ರೀಲು ಕೂತಿದೆ. ನೋಡಿ ಬಂದು ಕೂತರೆ ಮತ್ತೆ ‘ನೋಡು ಬಾ.’ ಈಗ ಅದು ಬಿದ್ದಿದೆ. ನೀನೇ ಕೂತು ಆಡಿಕೋ ಎಂದರೆ ಕಿವುಡನ ಮುಂದೆ ಕಿನ್ನರಿ.

ಮಿಲ್ಲಿನಿಂದ ಬರುವ ಬಟ್ಟೆಯಲ್ಲಿ ನೂಲು ತಪ್ಪಿದ ಜಾಗ ಹುಡುಕಿ ರಫು ಮಾಡುವುದು ನಿನಗೆ ಗೊತ್ತೇ ಇದೆ. ಕಣ್ಣು ಬಟ್ಟೆ ಬಿಟ್ಟು ಮೇಲೆದ್ದರೆ ಆ ಜಾಗ ಮತ್ತೆ ಸಿಗುವುದಿಲ್ಲ. ಈ ವಾರ ನಾನು ಮಾಡಿದ ತಾನುಗಳು ವಾಪಸ್ ಬಂದವು. ಮಿಲ್ಲಿನ ಮೇಸ್ತ್ರಿ, ‘ಏನಮ್ಮಾ, ಕಣ್ಣು ಹೋಯ್ತಾ?’ ಅಂದ. ‘ಕಣ್ಣು ಹೋಗಿಲ್ಲ ಕಣಪ್ಪಾ, ಕಣ್ಣ್ ಮುಂದೆ ಒಂದು ಚಿನಕುರುಳಿ ಕೂತಿದೆ’ ಅಂದೆ. ನಕ್ಕ. ಆದರೆ ಇನ್ನೊಂದು ಸಲ ವಾಪಸ್ ಬಂದರೆ ನಗುವುದಿಲ್ಲ ಅನ್ನುವುದು ಅವನ ಮುಖದಲ್ಲೇ ಕಾಣುತ್ತಿತ್ತು.

ನನ್ನ ಮಗ ಮನೆ ಬಿಟ್ಟು ಹೋಗುವಾಗ ಹೊತ್ತುಕೊಂಡ ಜವಾಬ್ದಾರಿ ಎಂದರೆ ಅವನ ಚೀಲ ಒಂದೇ. ಉಳಿದವರು ನಾವು ಮೂವರು. ನಿನ್ನ ಓದು ಮುಗಿದು ಕೆಲಸ ಸಿಕ್ಕಿದರೆ ನಾವು ದಡ ಸೇರಿದ ಹಾಗೆ. ಅಲ್ಲಿಯವರೆಗೆ ನನ್ನ ಸೂಜಿ ನಡೆಯಬೇಕು. ಅದು ನಿಂತರೆ ನೀನು ಓದು ಬಿಟ್ಟು ಬರಬೇಕಾಗುತ್ತದೆ. ಹೆದರಿಸುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಮಗು ತಾನೇ ಕೂತು ಆಡುವ ಹಾಗೆ ಮಾಡುವುದು ಹೇಗೆ ಎಂದು ನಿನ್ನ ದಪ್ಪ ಪುಸ್ತಕಗಳಲ್ಲಿ ಇದ್ದರೆ ಬರೆದು ಕಳಿಸು. ನಮ್ಮ ಕಾಲದಲ್ಲಿ ಇದಕ್ಕೆಲ್ಲ ಪುಸ್ತಕ ಇರಲಿಲ್ಲ, ಒಂದು ಏಟು ಇತ್ತು. ಇವಳಿಗೆ ಹೊಡೆಯಲು ನನಗೆ ಕೈ ಬರುವುದಿಲ್ಲ.

ಕೆಳಗಿನ ಅಂಗಡಿಗೆ ಫೋನ್ ಮಾಡುವುದು ಬೇಡ. ಅಷ್ಟು ಮೆಟ್ಟಿಲು ಇಳಿದು ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ. ಪತ್ರವಾದರೆ ಎರಡು ಸಲ ಓದಬಹುದು.

ನಿನ್ನ ಅತ್ತೆ


ಜೂನ್ 27

ಅತ್ತೆ,

ನಿಮ್ಮ ಪತ್ರ ಓದಿ ನಕ್ಕೆ, ಆಮೇಲೆ ಸ್ನಾನದ ಕೋಣೆಗೆ ಹೋಗಿ ಅತ್ತುಬಿಟ್ಟೆ. ‘ನೋಡು ಬಾ’ ಅನ್ನುವುದು ನನಗೆ ಇಲ್ಲಿಯವರೆಗೂ ಕೇಳಿಸಿದ ಹಾಗಾಯಿತು.

ನಮ್ಮ ಮಕ್ಕಳ ವಾರ್ಡಿನ ದೊಡ್ಡ ಸಿಸ್ಟರನ್ನು ಕೇಳಿದೆ. ಗದರುವುದರಲ್ಲಿ ಹುಲಿ, ಆದರೆ ಅವರು ಕಾಲಿಟ್ಟರೆ ಇಡೀ ವಾರ್ಡಿನ ಮಕ್ಕಳು ತಮ್ಮ ಪಾಡಿಗೆ ಆಡುತ್ತವೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

ಮೊದಲು ಅವಳ ಪಕ್ಕದಲ್ಲೇ ಕೂತು ನಿಮ್ಮ ಕೆಲಸ ಮಾಡಿ. ಆಟದ ಸಾಮಾನು ರಾಶಿ ಹಾಕಬೇಡಿ, ಖಾಲಿ ರೀಲು, ಎರಡು ಡಬ್ಬಿ, ಒಂದು ಬಟ್ಟೆ ಸಾಕು. ಅವಳು ಆಟದಲ್ಲಿ ಮುಳುಗಿದಾಗ ಹೊಗಳಲೂ ಹೋಗಬೇಡಿ, ನಡುವೆ ಬಾಯಿ ಹಾಕಿದರೆ ಆಟ ಕೆಡುತ್ತದೆ. ಒಂದು ಪಾತ್ರೆ ಹಾಲು ಕಾಯುವಷ್ಟು ಹೊತ್ತು ಆಡಿದರೆ ಅವತ್ತಿಗೆ ಅದೇ ದೊಡ್ಡದು. ಆಮೇಲೆ ಸ್ವಲ್ಪ ದೂರ ಕೂತುಕೊಳ್ಳಿ. ಅದೂ ಅಭ್ಯಾಸವಾದ ಮೇಲೆ ಬೆಳಕಿರುವ ಮುಂದಿನ ಕೋಣೆಯಲ್ಲಿ ನೀವು, ಒಳಕೋಣೆಯಲ್ಲಿ ಅವಳು.

ಇದರಲ್ಲೆಲ್ಲ ಮುಖ್ಯವಾದದ್ದು ಒಂದೇ ಅಂತ ಸಿಸ್ಟರ್ ಎರಡು ಸಲ ಹೇಳಿದರು. ‘ಕರೆದ್ರೆ ಎದ್ದು ಹೋಗಬಾರದು. ಆದ್ರೆ ಕೂತಲ್ಲಿಂದಲೇ ಹೂಂ ಅನ್ನಬೇಕು. ಪ್ರತಿ ಸಲ. ಮಗೂಗೆ ಬೇಕಾಗಿರೋದು ನೀವಲ್ಲ, ನೀವು ಇದೀರಿ ಅನ್ನೋದು.’ ಆದ್ದರಿಂದ ಅವಳು ಎಷ್ಟು ಸಲ ಕರೆದರೂ ಬೇಜಾರು ಮಾಡಿಕೊಳ್ಳದೆ ಹೂಂ ಅನ್ನಿ ಅತ್ತೆ. ಅಷ್ಟು ಸಾಕಂತೆ.

ನಿಮ್ಮ ಸೊಸೆ


ಜುಲೈ 20

ಮಗಳೇ,

ನಿಮ್ಮ ಹುಲಿ ಸಿಸ್ಟರಿಗೆ ಈ ಮುದುಕಿಯ ನಮಸ್ಕಾರ ತಿಳಿಸು. ಹೊಟ್ಟೆಗೆ ಹಾಲು ಹೊಯ್ದ ಹಾಗಾಗಿದೆ.

ಮೊದಮೊದಲು ಸುಲಭವಿರಲಿಲ್ಲ. ಪಕ್ಕದಲ್ಲಿದ್ದರೆ ನನ್ನ ಸೂಜಿಯೇ ಅವಳಿಗೆ ಆಟ. ದೂರ ಕೂತರೆ ಎದ್ದು ಬಂದು ತೊಡೆಯ ಮೇಲೆ ಬೀಳುತ್ತಿದ್ದಳು. ಎತ್ತಿಕೊಂಡು ಹೋಗಿ ಅವಳ ಜಾಗದಲ್ಲಿ ಕೂರಿಸಿ ಬರುತ್ತಿದ್ದೆ. ಮತ್ತೆ ಬಂದಳು, ಮತ್ತೆ ಕೂರಿಸಿದೆ. ಮಿಲ್ಲಿನಲ್ಲಿ ಮಗ್ಗ ನೋಡಿಕೊಂಡವಳು ನಾನು, ಹಟಕ್ಕೆ ಬಿದ್ದರೆ ಅವಳ ಅಜ್ಜಿ. ಬರುವುದು ಕಡಿಮೆಯಾಯಿತು. ಈಗ ನಾನು ಮುಂದಿನ ಕೋಣೆಯ ಕಿಟಕಿ ಹತ್ತಿರ, ಅವಳು ಒಳಗೆ. ಒಂದು ಪಾತ್ರೆ ಹಾಲಲ್ಲ, ಒಂದು ಹಂಡೆ ನೀರು ಕಾಯುವಷ್ಟು ಹೊತ್ತು ಆಡುತ್ತಾಳೆ.

ಕೆಳಮನೆಯ ದರ್ಜಿ ಹೆಂಗಸಿಗೂ ಈ ಪದ್ಧತಿ ವಿವರಿಸಿದೆ. ನಮ್ಮ ಸೊಸೆ ನರ್ಸು, ಹೀಗೆ ಬರೆದು ಕಳಿಸಿದ್ದಾಳೆ ಅಂತ ಸ್ವಲ್ಪ ಜಂಬವನ್ನೂ ಕೊಚ್ಚಿದೆ. ಅವಳ ಕಣ್ಣು ಅರಳಿತು.

ಹೂಂ ಅನ್ನುವ ವಿಷಯ. ಅದನ್ನೂ ನೋಡಿಕೊಳ್ಳುತ್ತಿದ್ದೇನೆ, ನೀನು ಚಿಂತೆ ಮಾಡಬೇಡ. ಈ ವಾರದ ತಾನುಗಳು ಒಂದೂ ವಾಪಸ್ ಬಂದಿಲ್ಲ. ನೀನು ಪರೀಕ್ಷೆಯ ಕಡೆ ನೋಡು.

ನಿನ್ನ ಅತ್ತೆ


ಆಗಸ್ಟ್ 11

ಅತ್ತೆ,

ನೀವು ಬೇಡ ಅಂದರೂ ತಡೆಯಲಾರದೆ ನಿನ್ನೆ ಅಂಗಡಿಗೆ ಫೋನ್ ಮಾಡಿದೆ. ಮೊದಲ ಪರೀಕ್ಷೆ ಪಾಸಾಗಿದ್ದೇನೆ, ಅದನ್ನು ನಿಮ್ಮ ಕಿವಿಯಲ್ಲೇ ಹಾಕಬೇಕು ಅನ್ನಿಸಿತ್ತು. ಅಂಗಡಿಯವರು ಪಾಪ ಮೇಲೆ ಹೋಗಿ ನಿಮ್ಮನ್ನು ಕರೆತಂದರು. ನಾನು ‘ಅತ್ತೆ, ನಾನು ಪಾಸಾದೆ’ ಅಂದೆ. ನೀವು ‘ಹೂಂ ಹೂಂ, ಎಲ್ಲಾ ಚೆನ್ನಾಗಿದೆ’ ಅಂದಿರಿ. ಮಳೆಗಾಲಕ್ಕೆ ಮಗುವಿಗೆ ಕೆಮ್ಮು ಗಿಮ್ಮು ಬಂದಿದೆಯಾ ಅಂತ ಕೇಳಿದೆ. ಅದಕ್ಕೂ ‘ಎಲ್ಲಾ ಚೆನ್ನಾಗಿದೆ.’ ಅವಳಿಗೆ ಫೋನ್ ಕೊಡಿ ಅನ್ನುವಷ್ಟರಲ್ಲಿ ‘ಇಡ್ತೀನಮ್ಮಾ’ ಅಂತ ಇಟ್ಟುಬಿಟ್ಟಿರಿ.

ನನ್ನ ಮೇಲೆ ಕೋಪವಿದ್ದರೆ ಬೈದುಬಿಡಿ ಅತ್ತೆ. ಗಂಡನನ್ನು ಹಿಡಿದಿಟ್ಟುಕೊಳ್ಳಲಾಗದವಳು ಈಗ ಮಗುವನ್ನೂ ಬಿಟ್ಟು ಹೊರಟಳು ಅಂತ ನಾನು ಬಸ್ಸು ಹತ್ತುವ ದಿನ ನಿಮ್ಮ ತಂಗಿ ಹೇಳಿದ್ದು ನನಗೆ ಕೇಳಿಸಿತ್ತು. ನೀವು ಆಗ ತಿರುಗಿ ಒಂದು ಮಾತೂ ಹೇಳಲಿಲ್ಲ. ನಿಮ್ಮ ಮನಸ್ಸಿನಲ್ಲೂ ಅದೇ ಇದೆಯೇನೋ ಅಂತ ಎಷ್ಟೋ ಸಲ ಅನ್ನಿಸಿದೆ. ನಿನ್ನೆ ಅದು ಖಾತ್ರಿಯಾದ ಹಾಗಾಯಿತು. ಇನ್ನು ಫೋನ್ ಮಾಡುವುದಿಲ್ಲ.

ನಿಮ್ಮ ಸೊಸೆ


ಸೆಪ್ಟೆಂಬರ್ 5

ಮಗಳೇ,

ನೀನು ಪಾಸಾದದ್ದು ನಿನ್ನ ಪತ್ರ ನೋಡಿ ತಿಳಿಯಿತು. ಅವತ್ತು ಅಂಗಡಿಯಲ್ಲಿ ಸಂತೆಯಷ್ಟು ಗಲಾಟೆ ಇತ್ತು, ಏನೂ ಗೊತ್ತಾಗಲಿಲ್ಲ. ನನ್ನ ತಂಗಿ ಏನಂದಳೋ ನಾನು ಕೇಳಿಸಿಕೊಂಡಿಲ್ಲ. ಕೇಳಿಸಿದ್ದರೆ ಅವಳು ಅವತ್ತು ನಮ್ಮ ಮನೆಯಲ್ಲಿ ಊಟ ಮಾಡಿ ಹೋಗುತ್ತಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ, ನಮ್ಮಿಬ್ಬರಿಗೆ ಇರುವುದು ಒಂದೇ ಕಾಲ. ಅದರಲ್ಲಿ ಕೋಪ ಮಾಡಿಕೊಂಡು ಕೂತರೆ ಆಗುತ್ತದೆಯೇ?

ಚಿನಕುರುಳಿಯ ವಿಷಯ ಕೇಳು, ಸಂತೋಷಪಡುತ್ತೀಯ. ಈಗ ಬೆಳಗೆಲ್ಲ ತಾನೇ ಆಡುತ್ತಾಳೆ. ಮನೆಯಲ್ಲಿ ಮಗು ಇದೆ ಅಂತಲೇ ಗೊತ್ತಾಗುವುದಿಲ್ಲ. ‘ನೋಡು ಬಾ’ ಪೂರ್ತಿ ನಿಂತಿದೆ. ನೀರು ಬೇಕಾದರೆ ಬಂದು ನನ್ನ ಗಲ್ಲ ಹಿಡಿದು ಮುಖ ತಿರುಗಿಸಿಕೊಂಡು ಕೇಳುತ್ತಾಳೆ, ಕುಡಿದು ಹೋಗುತ್ತಾಳೆ. ಗಟ್ಟಿಗಿತ್ತಿಯೂ ಆಗಿದ್ದಾಳೆ. ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ನನ್ನನ್ನು ಕರೆದೇ ಇಲ್ಲ. ಊಟಕ್ಕೆ ಕರೆಯಲು ಹೋದಾಗ ಮಂಡಿಯಿಂದ ಪಾದದವರೆಗೆ ರಕ್ತ ಒಣಗಿತ್ತು, ಇವಳು ಡಬ್ಬಿಗೆ ಡಬ್ಬಿ ಜೋಡಿಸುತ್ತ ಕೂತಿದ್ದಾಳೆ. ತೊಳೆದು ಅರಿಶಿನ ಹಚ್ಚಿದೆ, ಆಗಲೂ ಅಳಲಿಲ್ಲ.

ಮಾತು ಮಾತ್ರ ಕಡಿಮೆಯಾಗಿದೆ. ದೊಡ್ಡವಳಾಗುತ್ತಿದ್ದಾಳೆ.

ನಿನ್ನ ಅತ್ತೆ


ಅಕ್ಟೋಬರ್ 2

ಅತ್ತೆ,

ನಿಮ್ಮ ಪತ್ರ ಬಂದಾಗಿನಿಂದ ಅದನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ. ನಮ್ಮ ವಾರ್ಡಿನಲ್ಲಿ ಅವಳ ವಯಸ್ಸಿನದೇ ಒಂದು ಮಗು ಇದೆ. ಇಡೀ ದಿನ ತನ್ನ ಪಾಡಿಗೆ ಆಡುತ್ತದೆ, ಮಾತಿಲ್ಲ, ಬೇಕಾದದ್ದಕ್ಕೆ ಬಂದು ಮುಖ ಹಿಡಿದು ತಿರುಗಿಸುತ್ತದೆ. ಅದರ ತಾಯಿಯೂ ‘ಎಂಥಾ ಸಾಧು ಮಗು’ ಅಂತ ತಿಂಗಳುಗಟ್ಟಲೆ ಹೆಮ್ಮೆಪಟ್ಟಿದ್ದಳಂತೆ. ಆ ಮಗುವಿಗೆ ಕಿವಿ ಕೇಳಿಸುವುದಿಲ್ಲ ಅತ್ತೆ. ಜ್ವರ ಬಂದು ಕಿವಿ ಹೋಗಿದೆ.

ನಮ್ಮವಳಿಗೂ ಹೋದ ವರ್ಷ ಜೋರು ಜ್ವರ ಬಂದಿತ್ತು. ನಾನೇ ಡಾಕ್ಟರ ಹತ್ತಿರ ತಡವಾಗಿ ಕರೆದುಕೊಂಡು ಹೋದೆ. ಮಾತಾಡುತ್ತಿದ್ದ ಮಕ್ಕಳೂ ಕಿವಿ ಹೋದರೆ ಮಾತು ಬಿಡುತ್ತವೆ ಎಂದು ಪಾಠದಲ್ಲಿ ಓದಿದೆ. ನಾನು ಇಲ್ಲಿ ಬೇರೆಯವರ ಮಕ್ಕಳ ಕಿವಿ ನೋಡುವುದು ಕಲಿಯುತ್ತಿದ್ದೇನೆ, ನನ್ನ ಮಗುವಿನದು ಹೋಗುತ್ತಿರುವುದು ನನಗೆ ತಿಳಿಯಲಿಲ್ಲ.

ಒಂದು ಪರೀಕ್ಷೆ ಮಾಡಿ. ಅವಳು ಬೆನ್ನು ಹಾಕಿ ಆಡುತ್ತಿರುವಾಗ ಹಿಂದೆ ನಿಂತು ಒಂದು ತಟ್ಟೆಗೆ ಚಮಚದಿಂದ ಬಡಿಯಿರಿ. ಮೊದಲು ಮೆಲ್ಲಗೆ, ನಿಮಗೆ ಕೇಳಿಸುವಷ್ಟು ಮಾತ್ರ. ತಿರುಗದಿದ್ದರೆ ಇನ್ನೂ ಸ್ವಲ್ಪ ಜೋರಾಗಿ. ಎಷ್ಟು ಜೋರಿಗೆ ತಿರುಗಿದಳು ಅಂತ ಬರೆಯಿರಿ. ಮುಚ್ಚಿಡಬೇಡಿ. ನಿಮ್ಮ ಕಾಲಿಗೆ ಬೀಳುತ್ತೇನೆ, ಇದ್ದದ್ದು ಇದ್ದ ಹಾಗೆ ಬರೆಯಿರಿ.

ನಿಮ್ಮ ಸೊಸೆ


ಅಕ್ಟೋಬರ್ 19

ಮಗಳೇ,

ಮಗುವಿನ ಕಿವಿ ಚೆನ್ನಾಗಿದೆ. ಮೊದಲು ಅದನ್ನು ಓದಿಕೊಂಡು, ನೀರು ಕುಡಿದು, ಆಮೇಲೆ ಮುಂದಿನದು ಓದು.

ನೀನು ಬರೆದ ಹಾಗೆ ಅವಳ ಹಿಂದೆ ನಿಂತೆ. ನನಗೆ ಕೇಳಿಸುವಷ್ಟು ಮಾತ್ರ ಅಂತ ಬರೆದಿದ್ದೆಯಲ್ಲ, ತಲೆ ಬಗ್ಗಿಸಿ ತಟ್ಟೆಯನ್ನೇ ನೋಡುತ್ತ ಬಡಿದೆ. ನನಗೆ ಕೇಳಿಸಲಿಲ್ಲ. ಇನ್ನೊಂದು ಸಲ ಬಡಿದೆ. ಕೇಳಿಸಲಿಲ್ಲ. ಚಮಚ ಬಿಟ್ಟು ಸೌಟು ತಂದು ಬಡಿದೆ. ಕೊನೆಗೆ ಎಲ್ಲೋ ದೂರದಲ್ಲಿ ಟಿಣ್ ಅಂದ ಹಾಗಾಯಿತು. ಈಗ ಸರಿ ಅಂತ ತಲೆ ಎತ್ತಿದರೆ ಮಗು ಎರಡೂ ಕಿವಿ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡು ನಿಂತಿದೆ. ಮುಖವೆಲ್ಲ ಕಣ್ಣೀರು. ತಟ್ಟೆ ಸೊಟ್ಟಗಾಗಿದೆ. ದರ್ಜಿ ಹೆಂಗಸು ಓಡಿಬಂದು ಬಾಗಿಲಲ್ಲಿ ನಿಂತು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾಳೆ.

ಕಿವಿ ಹೋಗಿರುವುದು ನನ್ನದು. ಮಗ್ಗದ ಸದ್ದು ತಿಂದುಕೊಂಡು ಬಂತು. ನೀನು ಇಲ್ಲಿದ್ದಾಗ ಒಂದು ಕಿವಿ ಅಷ್ಟಿಷ್ಟು ಉಳಿದಿತ್ತು, ಮಿಕ್ಕದ್ದನ್ನು ನಿನ್ನ ಮುಖ ನೋಡಿ ತುಂಬಿಸಿಕೊಳ್ಳುತ್ತಿದ್ದೆ. ನೀನು ಹೋದ ಮೇಲೆ ಅದೂ ಹೋಯಿತು. ಹೇಳಿದ್ದರೆ ನೀನು ಮಗುವನ್ನು ಬಿಟ್ಟಿರುತ್ತಿರಲಿಲ್ಲ, ಓದು ಬಿಡುತ್ತಿದ್ದೆ. ಅದಕ್ಕೆ ಹೇಳಲಿಲ್ಲ. ಹೂಂ ಅನ್ನಬೇಕು ಅಂತ ನೀನು ಬರೆದಾಗ, ಆಗಾಗ ನಾನಾಗಿಯೇ ಹೂಂ ಅಂದುಕೊಳ್ಳುತ್ತ ಕೂತಿರುತ್ತಿದ್ದೆ. ಅವಳು ಕರೆದಾಗ ಒಂದಾದರೂ ತಗುಲುತ್ತದೆ ಅಂತ.

ದರ್ಜಿ ಹೆಂಗಸು ಎದುರು ಕೂತು ಬಿಡಿಸಿ ಬಿಡಿಸಿ ಹೇಳಿದಳು, ‘ಮೊದ್ಲೆಲ್ಲ ಮಧ್ಯಾಹ್ನ ಪೂರ್ತಿ ಅಜ್ಜೀ ಅಜ್ಜೀ ಅಂತ ಕೂಗ್ತಿತ್ತು. ಗಂಟಲು ಕಟ್ಟೋವರೆಗೂ ಕೂಗ್ತಿತ್ತು. ನೀವು ಬೇಕಂತಲೇ ಓಗೊಡ್ತಿಲ್ಲ, ತಾನೇ ಆಡೋದು ಕಲೀಲಿ ಅಂತ ಬಿಟ್ಟಿದೀರಿ ಅಂದ್ಕೊಂಡೆ. ನೀವೇ ತಾನೇ ಪದ್ಧತಿ ಅಂತ ಹೇಳಿದ್ದು?’ ಅವಳದೇನು ತಪ್ಪು? ಜಂಬ ಕೊಚ್ಚಿದವಳು ನಾನು.

ಇನ್ನೊಂದು ಇದೆ. ಮಿಲ್ಲಿನ ಗದ್ದಲದಲ್ಲಿ ನಾವು ಹೆಂಗಸರು ಸ್ವರ ಬಿಟ್ಟು ಬರೀ ಬಾಯಿ ಆಡಿಸಿ ಮಾತಾಡುತ್ತಿದ್ದೆವು. ಅಲ್ಲಿ ಸ್ವರ ಹೊರಡಿಸಿದರೂ ವ್ಯರ್ಥ. ಮಗು ನನ್ನ ಗಲ್ಲ ಹಿಡಿದು ನೀರು ಕೇಳಿದಾಗ ದರ್ಜಿ ಹೆಂಗಸನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ‘ನಿಂಗೆ ಕೇಳಿಸ್ತಾ?’ ಅಂತ ಕೇಳಿದೆ. ಅವಳು ಇಲ್ಲ ಅಂತ ತಲೆ ಆಡಿಸಿದಳು. ಸ್ವರವೇ ಇಲ್ಲ ಮಗಳೇ. ಬರೀ ಬಾಯಿ. ನಾನು ಬಾಯಿ ನೋಡಿಯೇ ತಿಳಿದುಕೊಳ್ಳುತ್ತಿದ್ದೆ, ಸ್ವರ ಬೇಕಿಲ್ಲ ಅಂತ ಅವಳು ಕಲಿತುಬಿಟ್ಟಿದ್ದಾಳೆ. ನಾನು ತಿಂಗಳುಗಳಿಂದ ಅವಳ ಜೊತೆ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದೆ.

ನಿನ್ನ ಅತ್ತೆ


ಅಕ್ಟೋಬರ್ 27

ಬರುತ್ತಿದ್ದೇನೆ. ಅವಳ ಬಟ್ಟೆ ಕಟ್ಟಿಡಿ.


ಜನವರಿ 12

ಅತ್ತೆ,

ಅವತ್ತು ನಿಮ್ಮ ಮನೆಯಿಂದ ಅವಳನ್ನು ಎತ್ತಿಕೊಂಡು ಬರುವಾಗ ನಾನು ನಿಮ್ಮ ಮುಖ ನೋಡಲಿಲ್ಲ. ಬೆನ್ನು ತಿರುಗಿಸಿಕೊಂಡೇ ಏನೇನೋ ಅಂದೆ. ನಿಮಗೆ ಕೇಳಿಸಿರಲಾರದು. ಕೇಳಿಸದಿದ್ದದ್ದೇ ಒಳ್ಳೆಯದಾಯಿತು.

ಶಾಲೆ ಬಿಟ್ಟೆ. ಮಗು ಇರುವವರಿಗೆ ಹಾಸ್ಟೆಲಿನಲ್ಲಿ ಜಾಗವಿಲ್ಲ. ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿದೆ, ಹಿಂದಿನ ಓಣಿಯಲ್ಲಿ ಒಂದು ಕೋಣೆ. ನಾನು ಹೊದಿಕೆ ಮಡಚುತ್ತೇನೆ, ಅವಳು ಮೂಲೆಯಲ್ಲಿ ಸೋಪಿನ ಖಾಲಿ ಪೆಟ್ಟಿಗೆಗಳನ್ನು ಇಟ್ಟುಕೊಂಡು ಆಡುತ್ತಾಳೆ. ಬಂದವರೆಲ್ಲ, ‘ಎಷ್ಟು ಒಳ್ಳೇ ಮಗು, ಇದೆ ಅಂತಲೇ ಗೊತ್ತಾಗಲ್ಲ’ ಅನ್ನುತ್ತಾರೆ. ಹಾಗೆ ಅಂದವರ ಕೆನ್ನೆಗೆ ಹೊಡೆಯಬೇಕು ಅನ್ನಿಸುತ್ತದೆ.

ಹೋದ ವಾರ ಅವಳು ಕಾಣಲಿಲ್ಲ. ಯಾರೋ ನೋಡದೆ ದಾಸ್ತಾನು ಕೋಣೆಗೆ ಬೀಗ ಹಾಕಿದ್ದರು, ಇವಳು ಒಳಗಿದ್ದಳು. ನಾನು ಅವಳ ಹೆಸರು ಕೂಗುತ್ತ ಆ ಬಾಗಿಲ ಮುಂದೆಯೇ ಎಷ್ಟೋ ಸಲ ಓಡಾಡಿದೆ. ಒಳಗಿನಿಂದ ಒಂದು ಸದ್ದಿಲ್ಲ. ಬಾಗಿಲು ಬಡಿಯಲೂ ಇಲ್ಲ. ಆಮೇಲೆ ಯಾರೋ ಬೀಗ ತೆಗೆದರು. ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದಳು ಅತ್ತೆ. ಬಾಯಿ ಆಡುತ್ತಿತ್ತು. ಎಷ್ಟು ಹೊತ್ತಿನಿಂದ ಆಡುತ್ತಿತ್ತೋ ದೇವರಿಗೇ ಗೊತ್ತು.

ಡಾಕ್ಟರಿಗೆ ತೋರಿಸಿದೆ. ‘ಕಿವಿ ಸರಿ ಇದೆ, ಗಂಟಲು ಸರಿ ಇದೆ. ಸ್ವರ ಇಲ್ಲದೆ ನಡೆಯೋದಿಲ್ಲ ಅಂತ ಅವಳಿಗೆ ಅನ್ನಿಸಬೇಕು. ಅನ್ನಿಸಿದ್ರೆ ಬರಬಹುದು. ತಡ ಆದಷ್ಟೂ ಕಷ್ಟ’ ಅಂದರು. ಬರುತ್ತದೆ ಅನ್ನಲಿಲ್ಲ, ಬರಬಹುದು ಅಂದರು.

ನಿಮ್ಮ ಮೇಲಿನ ಸಿಟ್ಟು ಹೋಗಿದೆ ಅಂದರೆ ಸುಳ್ಳಾಗುತ್ತದೆ. ಆದರೆ ನನ್ನ ಮೇಲಿನದು ಅದಕ್ಕಿಂತ ದೊಡ್ಡದು. ಕೇಳಿಸುವುದಿಲ್ಲ ಅನ್ನುವುದು ನೀವು ಬರೆದ ಪ್ರತಿ ಪತ್ರದಲ್ಲೂ ಇತ್ತು. ನಾನು ಅದರಲ್ಲಿ ನಿಮ್ಮ ಕೋಪ ಹುಡುಕುತ್ತ ಕೂತೆ.

ಈಗ ಕೇಳಬಾರದ್ದನ್ನು ಕೇಳುತ್ತೇನೆ. ಬನ್ನಿ. ನನಗೆ ಅವಳ ಬಾಯಿ ಓದಲು ಬರುವುದಿಲ್ಲ. ನೀರು, ಹಾಲು, ನಿದ್ದೆ ಅಷ್ಟು ತಿಳಿಯುತ್ತದೆ. ದಿನವೂ ಮಲಗುವ ಮುಂಚೆ ನನ್ನ ಮುಖ ಹಿಡಿದುಕೊಂಡು ಉದ್ದವಾಗಿ ಏನೋ ಹೇಳುತ್ತಾಳೆ. ನಾನು ತಲೆ ಆಡಿಸುತ್ತೇನೆ. ನನಗೆ ತಿಳಿದಿಲ್ಲ ಅನ್ನುವುದು ಅವಳಿಗೆ ತಿಳಿಯುತ್ತದೆ, ಕೈ ಬಿಟ್ಟು ಗೋಡೆ ಕಡೆ ತಿರುಗಿಕೊಳ್ಳುತ್ತಾಳೆ. ಈ ಭೂಮಿಯ ಮೇಲೆ ಅವಳ ಮಾತು ತಿಳಿಯುವವರು ನೀವೊಬ್ಬರೇ. ನಾವು ಮೂವರೂ ಈ ಕೋಣೆಯಲ್ಲಿ ಹೇಗೋ ಹಿಡಿಸುತ್ತೇವೆ.

ನಿಮ್ಮ ಸೊಸೆ


ಫೆಬ್ರವರಿ 3

ಮಗಳೇ,

ನಿನ್ನ ಪತ್ರ ಕೈಗೆ ಬಂದ ದಿನವೇ ಚೀಲ ಕಟ್ಟಿದೆ. ಮೇಸ್ತ್ರಿಗೆ ಇನ್ನು ಬಟ್ಟೆ ಕಳಿಸಬೇಡ ಅಂದೆ. ದರ್ಜಿ ಹೆಂಗಸು ಮಗುವಿಗೆ ಅಂತ ಒಂದು ಫ್ರಾಕ್ ಹೊಲಿದು ತಂದುಕೊಟ್ಟಳು, ಅಳತೆಗೆ ಅವಳ ಹಳೆಯದನ್ನು ಕೊಟ್ಟಿದ್ದೆ, ಈಗ ಬಿಗಿಯಾಗುತ್ತದೋ ಏನೋ. ಬಸ್ಸು ಎಲ್ಲಿ ಬದಲಾಯಿಸಬೇಕು ಅಂತಲೂ ಕೇಳಿಕೊಂಡು ಬಂದೆ. ಅಷ್ಟು ಸಂತೋಷವಾಗಿತ್ತು ನನಗೆ.

ಬಸ್ಸಿನಲ್ಲಿ ಓದಿಕೊಳ್ಳೋಣ ಅಂತ ನಿನ್ನ ಪತ್ರವನ್ನು ಚೀಲದ ಮೇಲಿಟ್ಟಿದ್ದೆ. ಹೊರಡುವ ಮುಂಚೆ ತಡೆಯಲಾರದೆ ಇನ್ನೊಂದು ಸಲ ಓದಿದೆ. ಡಾಕ್ಟರ ಮಾತು ಬಂದಲ್ಲಿ ನಿಂತೆ. ಸ್ವರ ಇಲ್ಲದೆ ನಡೆಯುವುದಿಲ್ಲ ಅಂತ ಅವಳಿಗೆ ಅನ್ನಿಸಬೇಕು.

ನಾನು ಬಂದರೆ ನಡೆಯುತ್ತದಲ್ಲ?

ಅವಳು ನನ್ನ ಗಲ್ಲ ಹಿಡಿಯುತ್ತಾಳೆ, ನಾನು ತಿಳಿದುಕೊಳ್ಳುತ್ತೇನೆ, ನಿನಗೆ ಹೇಳುತ್ತೇನೆ. ಮನೆ ತಣ್ಣಗೆ ನಡೆಯುತ್ತದೆ. ನಾನು ಸಾಯುವವರೆಗೆ ನಡೆಯುತ್ತದೆ. ಆಮೇಲೆ ಅವಳು ದೊಡ್ಡವಳಾಗಿ, ಬಾಯಿ ಆಡಿಸುತ್ತ, ತಿಳಿಯುವವರು ಒಬ್ಬರೂ ಇಲ್ಲದೆ ನಿಂತಿರುತ್ತಾಳೆ. ಆ ಬೀಗ ಹಾಕಿದ ಕೋಣೆಯನ್ನು ನಾನೇ ಕಟ್ಟಿಕೊಟ್ಟ ಹಾಗಾಗುತ್ತದೆ. ಚೀಲ ಬಿಚ್ಚಿದೆ. ಫ್ರಾಕನ್ನು ಅಂಚೆಯಲ್ಲಿ ಕಳಿಸುತ್ತೇನೆ.

ನೀನು ಅವಳ ಬಾಯಿ ಓದಲು ಕಲಿಯಬೇಡ. ತಿಳಿದಷ್ಟನ್ನೂ ಮರೆತುಬಿಡು. ನೀರು ಕೇಳಿದರೂ ನೀರು ಅಂತ ಸ್ವರ ಬರುವವರೆಗೆ ಸುಮ್ಮನೆ ನೋಡುತ್ತಿರು. ಕರುಳು ಕಿತ್ತು ಬರುತ್ತದೆ, ಗೊತ್ತು. ಮುಖ ನೋಡಲಾಗದಿದ್ದರೆ ಹೊದಿಕೆ ನೋಡು. ಸ್ವರ ಬಂದೀತು ಅನ್ನುವ ಧೈರ್ಯವೂ ನನಗಿಲ್ಲ. ಬರದೇ ಹೋದರೆ ನಾನು ಬರದೆ ಉಳಿದದ್ದೂ ದಂಡ. ಆದರೆ ನಾನು ಬಂದರೆ ಸ್ವರ ಬರುವುದಿಲ್ಲ ಅನ್ನುವುದು ಮಾತ್ರ ಖಂಡಿತ. ಇಷ್ಟನ್ನು ತೂಗಿ ತೂಗಿ ನೋಡಿದೆ ಮಗಳೇ, ಬೇರೆ ಸಿಗಲಿಲ್ಲ.

ಒಂದನ್ನು ಮಾತ್ರ ಹೇಳಿಕೊಡುತ್ತೇನೆ, ನೀನು ಮೋಸ ಹೋಗಬಾರದು ಅಂತ. ಮಲಗುವ ಮುಂಚೆ ಉದ್ದವಾಗಿ ಹೇಳುತ್ತಾಳೆ ಅಂದೆಯಲ್ಲ. ಬಾಯಿ ತೆರೆದು, ಹಲ್ಲು ಕೂಡಿಸಿ, ತುಟಿ ಎರಡೂ ಕಡೆ ಹಿಗ್ಗಿಸಿದರೆ ಅದು ‘ಅಜ್ಜಿ’. ಆಮೇಲೆ ಬರುವ ಮಾತು ‘ಎಲ್ಲಿ’, ಅಥವಾ ‘ಯಾವಾಗ’ ಇರಬೇಕು. ಅದೇ ಮಾತನ್ನು ಮತ್ತೆ ಮತ್ತೆ ಹೇಳುವುದರಿಂದ ನಿನಗೆ ಉದ್ದ ಅನ್ನಿಸುತ್ತಿರಬೇಕು. ಅವಳು ಹಾಗೆ ಕೇಳಿದಾಗ ತಿಳಿದರೂ ತಿಳಿಯದವಳ ಹಾಗೆ ಇರು.

ನಿನ್ನ ಅತ್ತೆ